ಇಪ್ಪತ್ತೈದು ಎಕರೆಯ ಊರು

ನಮ್ಮ ಬಳ್ಳಾರಿ ಸೀಮೆಯ ಸಿರಿಗೇರಿ ಕಡೆ ಇಪ್ಪತ್ತೈದು ಎಕರೆ ಎಂದರೆ ಅನುಕೂಲಸ್ಥ ರೈತನೊಬ್ಬನ ಹೊಲ, ಅಷ್ಟೇ. ಬೆಳಿಗ್ಗೆ ಚಹಾ ಕುಡಿದು ಬದು ಹಿಡಿದು ಹೊರಟವನು ನಾಲಗೆಯ ಮೇಲೆ ಚಹಾದ ರುಚಿ ಇರುವಾಗಲೇ ಸುತ್ತು ಮುಗಿಸಿ ಬರುತ್ತಾನೆ. ಅಷ್ಟೇ ನೆಲದ ಮೇಲೆ ಒಂದು ಇಡೀ ಊರಿದೆ. ಮನೆಗಳಿವೆ, ಮಸೀದಿಯಿದೆ, ಶಾಲೆಯಿದೆ, ತೆಂಗಿನ ಮರಗಳಿವೆ. ಬದುವಿನ ಆಚೆ ಪಕ್ಕದವನ ಹೊಲದ ಬದಲು ಅರಬ್ಬಿ ಸಮುದ್ರ. ಊರಿನ ಹೆಸರು ಬಿತ್ರಾ. ವಿಸ್ತೀರ್ಣ 0.10 ಚದರ ಕಿಲೋಮೀಟರ್. 2011ರ ಜನಗಣತಿಯವರು ಹೋದಾಗ ಅಲ್ಲಿ ಇದ್ದವರು 271 ಜನ. ಲಕ್ಷದ್ವೀಪದಲ್ಲಿ ಜನ ವಾಸಿಸುವ ದ್ವೀಪಗಳ ಪೈಕಿ ಇದೇ ಚಿಕ್ಕದು.

ತರಗತಿಯಲ್ಲಿ ಲಕ್ಷದ್ವೀಪದ ಪಾಠ ಬಂದಾಗ ನಾನು ನಕ್ಷೆ ಬಿಡಿಸುವ ಮೊದಲು ಈ ಎಕರೆ ಲೆಕ್ಕ ಹೇಳುತ್ತೇನೆ. ನಕ್ಷೆಯಲ್ಲಿ ಅದು ನೊಣ ಕೂತು ಹೋದ ಗುರುತಿನ ಹಾಗೆ ಕಾಣುತ್ತದೆ, ಮಕ್ಕಳಿಗೆ ಏನೂ ಅನಿಸುವುದಿಲ್ಲ. ಎಕರೆಯಲ್ಲಿ ಹೇಳಿದರೆ ತಟ್ಟನೆ ತಲೆ ಎತ್ತುತ್ತಾರೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅಂದ್ರ ನಮ್ಮ ದೇಶನೂರು ಇದ್ದಂಗ ಐತೇನು?” ಎಂದ. ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಸಿರುಗುಪ್ಪದ ಹತ್ತಿರ ತುಂಗಭದ್ರೆ ಎರಡಾಗಿ ಸೀಳಿ, ಸ್ವಲ್ಪ ದೂರ ಹೋಗಿ ಮತ್ತೆ ಕೂಡುತ್ತಾಳೆ. ನಡುವೆ ಉಳಿದ ನೆಲದಲ್ಲಿ ದೇಶನೂರಿದೆ. ವಿಜಯನಗರದ ಕಾಲದ ಕಾಲುವೆ ಅಲ್ಲಿಗೂ ಹರಿಯುತ್ತದೆ. ನೆಲ್ಲು, ಕಬ್ಬು ಬೆಳೆಯುತ್ತಾರೆ. ಇದು ನಡುಗಡ್ಡೆ. ಸುತ್ತ ಇರುವುದು ಕುಡಿಯುವ ನೀರು, ಅಡಿಯಲ್ಲಿರುವುದು ಆಚೆ ದಡದಲ್ಲಿರುವುದೇ ಬಂಡೆ, ಮಣ್ಣು ನದಿಯೇ ತಂದು ಹಾಕಿದ್ದು. ನದಿ ಇಳಿದ ದಿನ ನಡುಗಡ್ಡೆಗೂ ದಡಕ್ಕೂ ಅಂಥ ವ್ಯತ್ಯಾಸವೇ ಇರುವುದಿಲ್ಲ. ಲಕ್ಷದ್ವೀಪದಲ್ಲಿ ಈ ಮೂರೂ ತಿರುಗುಮುರುಗು: ಸುತ್ತಲಿನ ನೀರು ಬಾಯಿಗೆ ಇಡಲಾಗದು, ಅಡಿಯ ಬಂಡೆ ನಮ್ಮ ಜಾತಿಯದಲ್ಲ, ಮಣ್ಣು ಎಂದು ಕರೆಯಲು ಅಲ್ಲಿ ಮಣ್ಣೇ ಇಲ್ಲ.

ಮೊದಲು ಒಟ್ಟು ಲೆಕ್ಕ ಹೇಳಿಬಿಡುತ್ತೇನೆ. ಕೇರಳ ಕರಾವಳಿಯಿಂದ ಪಶ್ಚಿಮಕ್ಕೆ 220ರಿಂದ 440 ಕಿಲೋಮೀಟರ್ ದೂರದಲ್ಲಿ, ಉತ್ತರ ಅಕ್ಷಾಂಶ 8ರಿಂದ 12 ಡಿಗ್ರಿಗಳ ನಡುವೆ, ಚೆಲ್ಲಿದ ಹಾಗೆ 36 ದ್ವೀಪಗಳಿವೆ. ಹೆಸರಿನಲ್ಲಿ ಲಕ್ಷ ಇದೆ, ಎಣಿಸಿದರೆ ನಾಲ್ಕು ಡಜನ್ ಕೂಡ ಇಲ್ಲ. ಜನರ ಊರುಗಳಿರುವುದು ಹತ್ತರಲ್ಲಿ: ಕವರತ್ತಿ, ಅಗತ್ತಿ, ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಆಂಡ್ರೋತ್, ಕಲ್ಪೇನಿ, ಮಿನಿಕಾಯ್. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್, ಎಂದರೆ ಎಂಟು ಸಾವಿರ ಎಕರೆಗೆ ಚೂರು ಕಡಿಮೆ. ದೇಶದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ ಇದು. ಜನ 64,473, ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು. ಅದೇ ಜನಗಣತಿಯಲ್ಲಿ ಕರ್ನಾಟಕದ್ದು 319. ಆದರೆ ಈ ಎಂಟು ಸಾವಿರ ಎಕರೆಯ ಕಾರಣಕ್ಕೆ ಭಾರತಕ್ಕೆ ದಕ್ಕಿದ ಆರ್ಥಿಕ ವಲಯದ ಸಮುದ್ರ ಸುಮಾರು ನಾಲ್ಕು ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಎರಡು ಪಟ್ಟು. ದೆಹಲಿಯವರಿಗೆ ಈ ಚುಕ್ಕೆಗಳ ಮೇಲೆ ಯಾಕಿಷ್ಟು ಪ್ರೀತಿ ಎಂದು ಕೇಳಿದರೆ ಉತ್ತರ ಈ ಸಂಖ್ಯೆಯಲ್ಲಿದೆ.

ಈಗ ನೆಲ ಹುಟ್ಟಿದ ಬಗೆ. ಬೀದರ, ಕಲಬುರಗಿ, ಬೆಳಗಾವಿ ಕಡೆ ಹೋದರೆ ಕಪ್ಪು ಬಸಾಲ್ಟ್ ಕಲ್ಲು ಸಿಗುತ್ತದೆಯಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಅದು. ನೆಲದಾಳದ ಆ ಬಿಸಿ ಜಾಗ ಇದ್ದಲ್ಲೇ ಇತ್ತು. ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋಯಿತು. ರೊಟ್ಟಿಯನ್ನು ಒಲೆಯ ಮೇಲೆ ಎಳೆದುಕೊಂಡು ಹೋದರೆ ಸುಟ್ಟ ಗುರುತು ಗೆರೆಯಾಗಿ ಬೀಳುವ ಹಾಗೆ, ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳ ಸಾಲು ಎದ್ದಿತು ಎಂಬುದು ಭೂವಿಜ್ಞಾನಿಗಳ ವಿವರಣೆ. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ಮೂರೂ ಆ ಸಾಲಿನ ಮೇಲೆಯೇ ಕೂತಿವೆ.

ಆ ಬೆಟ್ಟಗಳು ಕಾಲಾಂತರದಲ್ಲಿ ಕುಸಿದು ನೀರಿನಡಿ ಹೋದವು. ಹೋಗುವಾಗ ಅವುಗಳ ಅಂಚಿನಲ್ಲಿ ಹವಳದ ಜೀವಿಗಳು ಮನೆ ಕಟ್ಟಿಕೊಂಡಿದ್ದವು. ಸಾಸಿವೆ ಕಾಳಿನಷ್ಟು, ಅಕ್ಕಿ ಕಾಳಿನಷ್ಟು ಗಾತ್ರದ ಜೀವ. ಸಮುದ್ರದ ನೀರಿನಿಂದ ಸುಣ್ಣ ಹೀರಿ ಸುತ್ತ ಗೂಡು ಕಟ್ಟುತ್ತದೆ. ಬಿಸಿಲು ಬೇಕು ಅದಕ್ಕೆ, ಆಳದಲ್ಲಿ ಬದುಕದು. ಬೆಟ್ಟ ಒಂದು ಗೇಣು ಕುಸಿದರೆ ಇವು ಹಳೆಯ ಗೂಡಿನ ಮೇಲೆ ಒಂದು ಗೇಣು ಎತ್ತರಿಸಿದವು. ಕೊನೆಗೆ ಬೆಟ್ಟ ಪೂರ್ತಿ ಮುಳುಗಿ, ಅದರ ಸುತ್ತ ಕಟ್ಟಿದ್ದ ಸುಣ್ಣದ ಬಳೆ ಮಾತ್ರ ಮೇಲೆ ಉಳಿಯಿತು. ಚಾರ್ಲ್ಸ್ ಡಾರ್ವಿನ್ 1842ರ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಈ ಬಳೆಗೆ ಅಟಾಲ್ ಎನ್ನುತ್ತಾರೆ. ಇಂಗ್ಲಿಷಿನವರದೆಂದು ನಾವು ಭಾವಿಸುವ ಈ ಪದ ಅವರದಲ್ಲ, ಮಾಲ್ದೀವ್ಸ್‌ನ ದಿವೇಹಿ ಭಾಷೆಯದು. ಮಿನಿಕಾಯಿನ ಮಾತೂ ಅದೇ.

ಬಳೆಯ ಒಳಗಿನ ನೀರೇ ಲಗೂನ್. ಸೊಂಟದುದ್ದ, ಆಳುದ್ದ ನೀರು. ತಳದ ಬಿಳಿ ಮರಳು ಮೇಲಿಂದಲೇ ಕಾಣುವುದರಿಂದ ಫೋಟೋಗಳಲ್ಲಿ ಆ ತಿಳಿ ಹಸಿರು ಬಣ್ಣ. ಅಲೆಗಳು ಮುರಿದ ಹವಳವನ್ನು ಅರೆದು ಮರಳು ಮಾಡಿ ಬಳೆಯ ಮೂಡಣ ಅಂಚಿಗೆ ಗುಡ್ಡೆ ಹಾಕಿದವು. ಆ ಗುಡ್ಡೆಯೇ ದ್ವೀಪ. ಹಾಗಾಗಿ ಬಹುತೇಕ ದ್ವೀಪಗಳಲ್ಲಿ ಊರು ಪೂರ್ವಕ್ಕೆ, ಲಗೂನ್ ಪಶ್ಚಿಮಕ್ಕೆ. ಆಂಡ್ರೋತ್ ಒಂದು ಮಾತ್ರ ಪೂರ್ವ-ಪಶ್ಚಿಮವಾಗಿ ಮಲಗಿದೆ. ಲಗೂನ್ ಎನ್ನುವಂಥದ್ದು ಅದಕ್ಕಿಲ್ಲ, ಆದರೆ 4.9 ಚದರ ಕಿಲೋಮೀಟರಿನ ಅದೇ ಎಲ್ಲಕ್ಕಿಂತ ದೊಡ್ಡದು. ಬೆಟ್ಟವಿಲ್ಲ, ದಿಬ್ಬವಿಲ್ಲ, ಹೊಳೆಯಿಲ್ಲ, ಹಳ್ಳವಿಲ್ಲ. ಸಮುದ್ರಮಟ್ಟದಿಂದ ಹೆಚ್ಚಿನ ಕಡೆ ಒಂದೆರಡು ಮೀಟರ್ ಎತ್ತರ. ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಕಾಲಿಟ್ಟರೆ ಚಪ್ಪಲಿಗೆ ಎರಡು ಸೇರು ಮಣ್ಣು ಅಂಟುತ್ತದೆ ಎಂದು ನಾವು ಬೈದುಕೊಳ್ಳುತ್ತೇವೆ. ಅಲ್ಲಿನ ಬಿಳಿ ಮರಳು ಕಾಲಿಗೂ ಅಂಟದು, ನೀರನ್ನೂ ಹಿಡಿಯದು.

ನೀರು. ನನ್ನ ಮಟ್ಟಿಗೆ ಲಕ್ಷದ್ವೀಪವನ್ನು ಅರ್ಥಮಾಡಿಕೊಳ್ಳಬೇಕಾದದ್ದು ಬಾವಿಯ ಬಾಯಿಂದ. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮ ಬಳ್ಳಾರಿ ಸೀಮೆಯ ಎರಡೂವರೆ ಮೂರು ಪಟ್ಟು. ಆದರೂ ಒಂದು ಹೊಳೆಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಮರಳಿನಲ್ಲಿ ನೇರ ಇಳಿದುಹೋಗುತ್ತದೆ. ಇಳಿದು ಎಲ್ಲಿಗೆ ಹೋಗುತ್ತದೆ? ಕೆಳಗೆ ಆಗಲೇ ಸಮುದ್ರದ ನೀರು ಇದೆ. ಸುತ್ತಲಿಂದಲೂ ಅದು ಮರಳಿನೊಳಗೆ ನುಗ್ಗಿ ನಿಂತಿದೆ. ಮಜ್ಜಿಗೆಯನ್ನು ಅಲ್ಲಾಡಿಸದೆ ಇಟ್ಟರೆ ತಿಳಿ ಮೇಲೆ ನಿಲ್ಲುತ್ತದೆಯಲ್ಲ, ಹಾಗೆ ಹಗುರವಾದ ಮಳೆನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪ, ಅಂಚಿಗೆ ಬಂದಂತೆ ತೆಳು. ಕೆಲವೇ ಮೀಟರಿನ ಆ ತಿಳಿಯೇ ಊರಿಗೆಲ್ಲ ಕುಡಿಯುವ ನೀರು.

ಅಲ್ಲಿನ ಬಾವಿಗಳು ಆಳವಿಲ್ಲ, ಕೈ ಚಾಚಿ ಬಿಂದಿಗೆ ಮುಳುಗಿಸುವಷ್ಟು ಮೇಲೆ ನೀರು. ಸಮುದ್ರಕ್ಕೆ ಭರತ ಬಂದರೆ ಬಾವಿಯ ನೀರೂ ಏರುತ್ತದೆ, ಇಳಿತ ಬಂದರೆ ಇಳಿಯುತ್ತದೆ. ಇದನ್ನು ಕೇಳಿದಾಗ ನಮ್ಮ ಹುಡುಗರಿಗೆ ಅಲ್ಲಿನವರು ಭಾಗ್ಯವಂತರು ಅನಿಸುತ್ತದೆ. ಇನ್ನೂರು, ಮುನ್ನೂರು ಅಡಿ ಬೋರ್ ಕೊರೆಸಿ ಸಾಲ ಮಾಡಿಕೊಂಡ ಮನೆಗಳಿಂದ ಬರುವವರು ಅವರು. ಆದರೆ ಆ ಬಾವಿಗೆ ಮೋಟರ್ ಇಟ್ಟು ಜೋರಾಗಿ ಎತ್ತಿದರೆ ಮಜ್ಜಿಗೆ ಕದಡಿದ ಹಾಗೆ ಅಡಿಯ ಉಪ್ಪು ಮೇಲೆ ಬರುತ್ತದೆ. ಆಮೇಲೆ ಆ ಬಾವಿ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು. ಮನೆಯ ಶೌಚಗುಂಡಿಯ ನೀರೂ ಅದೇ ತಿಳಿಗೆ ಸೇರುತ್ತದೆ. ನೀರನ್ನು ಮಿತವಾಗಿ ಬಳಸಿ ಎಂದು ನಮ್ಮಲ್ಲಿ ಗೋಡೆಯ ಮೇಲೆ ಬರೆದಿರುತ್ತಾರೆ, ಯಾರೂ ಓದುವುದಿಲ್ಲ; ಅಲ್ಲಿ ನಾಲಗೆಯೇ ಹೇಳುತ್ತದೆ.

ಜನ ಹೆಚ್ಚಿದಂತೆ ಬಾವಿ ಸಾಲದಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಹಾಕಿದರು. ಅದರ ಉಪಾಯ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ಕೇಳಿ. ಮೇಲಿನ ಸಮುದ್ರದ ನೀರು ಬೆಚ್ಚಗಿರುತ್ತದೆ, ಹತ್ತಿರ ಹತ್ತಿರ 28 ಡಿಗ್ರಿ. ನಾನೂರು ಮೀಟರಿನ ಆಸುಪಾಸಿನ ಆಳದ ನೀರು ತಣ್ಣಗೆ ಕೊರೆಯುತ್ತದೆ. ಗಾಳಿಯನ್ನು ಹೀರಿ ತೆಗೆದ ತೊಟ್ಟಿಯೊಳಗೆ ಬೆಚ್ಚಗಿನ ನೀರು ಬಿಟ್ಟರೆ ಬೆಂಕಿಯಿಲ್ಲದೆಯೇ ಅದರಲ್ಲಿ ಸ್ವಲ್ಪ ಆವಿಯಾಗುತ್ತದೆ. ಆ ಆವಿಗೆ ಆಳದಿಂದ ಎತ್ತಿದ ತಣ್ಣನೆಯ ನೀರಿನ ಕೊಳವೆ ತಾಗಿಸಿದರೆ, ಅನ್ನದ ತಪ್ಪಲೆಯ ಮುಚ್ಚಳದಡಿ ಹನಿ ಕಟ್ಟಿದ ಹಾಗೆ ಸಿಹಿನೀರು ಹನಿಯುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಬೇರೆ ಊರಿನಲ್ಲಿ ಇದು ಕಷ್ಟ, ಯಾಕೆಂದರೆ ದಡದಿಂದ ಅಷ್ಟು ಆಳ ಸಿಗಲು ಎಷ್ಟೋ ದೂರ ಹೋಗಬೇಕು. ಅಟಾಲ್ ಎಂದರೆ ಮುಳುಗಿದ ಬೆಟ್ಟದ ತುದಿ ತಾನೆ? ದಡ ಬಿಟ್ಟ ಕೂಡಲೇ ಪ್ರಪಾತ. 2011ರಲ್ಲಿ ಮಿನಿಕಾಯ್, ಅಗತ್ತಿಗಳಿಗೂ ಇಂಥವು ಬಂದವು.

ನೀರಾಯಿತು, ಇನ್ನು ಅನ್ನ. ಮರಳಿನಲ್ಲಿ ನೆಲ್ಲು ಬೆಳೆಯದು. ಆದರೂ ಅಲ್ಲಿನವರು ಅನ್ನ ಉಣ್ಣುವವರೇ. ಹಾಗಾದರೆ ಅಕ್ಕಿ ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಹೊರಟರೆ ನೇರ ಮಂಗಳೂರಿಗೆ ಬಂದು ನಿಲ್ಲುತ್ತೇವೆ, ಮತ್ತು ಲಕ್ಷದ್ವೀಪ ನಮಗೆ ಅಷ್ಟೇನೂ ಪರದೇಶವಲ್ಲ ಎಂಬುದು ತಿಳಿಯುತ್ತದೆ.

ದ್ವೀಪದಲ್ಲಿ ಬೆಳೆಯುವುದು ತೆಂಗು ಒಂದೇ ಎನ್ನಬಹುದು. ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಹೊರತೆಗೆದು ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುವುದು ಹೆಂಗಸರ ಕೆಲಸ. ಉಪ್ಪುನೀರಿನಲ್ಲಿ ಕೊಳೆತ ಈ ನಾರು ಹಡಗಿನ ಹಗ್ಗಕ್ಕೆ ಹೆಸರಾಗಿತ್ತು. ಕಣ್ಣೂರಿನ ಅರಕ್ಕಲ್ ಮನೆತನ ದ್ವೀಪಗಳನ್ನು ಆಳುತ್ತಿದ್ದಾಗ ಹದಿನೆಂಟನೆಯ ಶತಮಾನದಲ್ಲಿ ಈ ಹುರಿಯ ವ್ಯಾಪಾರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ತಾನು ಹೇಳಿದ ಬೆಲೆಗೆ ತನಗೇ ಮಾರಬೇಕು. ಜನ ರೋಸಿಹೋದರು. 1780ರ ದಶಕದಲ್ಲಿ ಅಮಿನಿಯ ಕೆಲವರು ಧೈರ್ಯ ಮಾಡಿ ದೋಣಿ ಏರಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡರು. ನಮ್ಮ ದ್ವೀಪಗಳನ್ನು ನೀವೇ ವಹಿಸಿಕೊಳ್ಳಿ ಎಂದರು. ಅರಕ್ಕಲ್‌ನ ಒಡತಿ ಬೀಬಿಯ ಜೊತೆ ಟಿಪ್ಪುವಿಗೆ ಸ್ನೇಹವಿತ್ತು, ಮಾತುಕತೆಯಾಯಿತು. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ಉತ್ತರದ ದ್ವೀಪಗಳು ಮೈಸೂರಿಗೆ ಬಂದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನದೆಲ್ಲದರ ಜೊತೆಗೆ ಇವೂ ಕಂಪನಿಯ ಕೈ ಸೇರಿದವು. ಆಡಳಿತ ಮಂಗಳೂರಿನಿಂದಲೇ. ಅಮಿನದೀವಿ ದ್ವೀಪಗಳು ಎಂಬ ಹೆಸರಲ್ಲಿ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಒಂದೂವರೆ ಶತಮಾನ ಉಳಿದವು. ಉಳಿದ ದ್ವೀಪಗಳು ಮಲಬಾರ್ ಜಿಲ್ಲೆಯಲ್ಲಿದ್ದವು. ಬ್ರಿಟಿಷರೂ ಹುರಿಯ ಏಕಸ್ವಾಮ್ಯ ಬಿಡಲಿಲ್ಲ. ದ್ವೀಪದವರು ಹುರಿಯ ಹೊರೆಗಳನ್ನು ದೋಣಿಯಲ್ಲಿ ಮಂಗಳೂರಿಗೆ ತರಬೇಕು, ಸರಕಾರ ತೂಗಿ ತೆಗೆದುಕೊಂಡು, ಬದಲಿಗೆ ಅಕ್ಕಿಯನ್ನೂ ಒಂದಿಷ್ಟು ಹಣವನ್ನೂ ಕೊಡುತ್ತದೆ. ಅಕ್ಕಿಯ ದರವೂ ಅವರದೇ, ಹುರಿಯ ದರವೂ ಅವರದೇ. ತೂಕದ ಕಲ್ಲು ಇನ್ನೊಬ್ಬನ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ನೆಲ್ಲು, ಹತ್ತಿ, ಮೆಣಸಿನಕಾಯಿ ಮಾರುವ ಸಿರುಗುಪ್ಪ ತಾಲ್ಲೂಕಿನವರಿಗೆ ನಾನು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕ ಹೇಳುವುದಿಲ್ಲ, ನಾನು ಬಿಡದೆ ಹೇಳುತ್ತೇನೆ. ದಕ್ಷಿಣ ಕನ್ನಡದ ಹಾಗೆ ನಮ್ಮ ಬಳ್ಳಾರಿ ಜಿಲ್ಲೆಯೂ ಆಗ ಮದ್ರಾಸ್ ಪ್ರಾಂತ್ಯದ್ದೇ. ಅಮಿನಿಯ ಹುರಿಯ ಕಡತವೂ ಸಿರುಗುಪ್ಪದ ಕಾಲುವೆಯ ಕಡತವೂ ಕೊನೆಗೆ ಹೋಗುತ್ತಿದ್ದುದು ಒಂದೇ ಸರಕಾರದ ಬಾಗಿಲಿಗೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆ ಉಳಿದವು. ಆ ಗೆರೆ ನಮ್ಮ ಊರುಗಳ ಪಕ್ಕದಲ್ಲೇ ಹಾದುಹೋಗಿದೆ, ಅತ್ತೆ ಮನೆ ಅತ್ತ, ತವರು ಇತ್ತ ಆದ ಹೆಣ್ಣುಮಕ್ಕಳು ಎಷ್ಟೋ ಜನ. ಮೂರು ವರ್ಷದ ನಂತರ, 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ದಕ್ಷಿಣ ಕನ್ನಡವನ್ನು ಮೈಸೂರಿಗೆ ಸೇರಿಸುವ ವಾಕ್ಯ ಬಂತು. ಅದರಲ್ಲಿ ಎರಡನ್ನು ಹೊರತುಪಡಿಸಿ ಎಂದಿತ್ತು: ಕಾಸರಗೋಡು ತಾಲ್ಲೂಕು ಮತ್ತು ಅಮಿನದೀವಿ ದ್ವೀಪಗಳು. ಕಾಸರಗೋಡಿಗಾಗಿ ನಾವು ಇವತ್ತಿಗೂ ಮರುಗುತ್ತೇವೆ, ಸಭೆ ಮಾಡುತ್ತೇವೆ. ಅದೇ ವಾಕ್ಯದಲ್ಲಿ ಜೊತೆಗೇ ಹೋದ ಐದು ದ್ವೀಪಗಳ ಸುದ್ದಿ ಯಾರೂ ಎತ್ತಲಿಲ್ಲ. ಅಲ್ಲಿ ಕನ್ನಡ ಮಾತಾಡುವವರು ಇರಲಿಲ್ಲ, ಸರಿ. ಹೋದದ್ದರಲ್ಲಿ ತಪ್ಪೂ ಇಲ್ಲ. ಆದರೆ ಒಂದೂವರೆ ಶತಮಾನ ಜೊತೆಗಿದ್ದವರು ಎದ್ದು ಹೋದಾಗ ತಿರುಗಿಯೂ ನೋಡಲಿಲ್ಲವಲ್ಲ ಎಂದು ನನಗೆ ಆಗಾಗ ಅನಿಸುವುದುಂಟು.

1956ರ ನವೆಂಬರ್ 1, ನಾವು ಹಬ್ಬ ಮಾಡುವ ದಿನವೇ, ಅಮಿನದೀವಿಯೂ ಮಲಬಾರಿನಲ್ಲಿದ್ದ ಉಳಿದ ದ್ವೀಪಗಳೂ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಕಚೇರಿ ಮೊದಲು ಕೋಯಿಕ್ಕೋಡಿನಲ್ಲಿತ್ತು, 1964ರಲ್ಲಿ ಕವರತ್ತಿಗೆ ಹೋಯಿತು. ಲಕ್ಷದ್ವೀಪ ಎಂಬ ಹೆಸರು ಅಧಿಕೃತವಾದದ್ದು 1973ರಲ್ಲಿ. ವಿಧಾನಸಭೆಯಿಲ್ಲ, ಆಡಳಿತಾಧಿಕಾರಿಯೊಬ್ಬರು ದೆಹಲಿಯಿಂದ ಬರುತ್ತಾರೆ. ಲೋಕಸಭೆಗೆ ಒಂದು ಸ್ಥಾನ. ಆಂಡ್ರೋತ್‌ನ ಪಿ.ಎಂ. ಸಯೀದ್ 1967ರಿಂದ ಸತತ ಹತ್ತು ಸಲ ಗೆದ್ದರು.

ಜನರ ವಿಷಯಕ್ಕೆ ಬರುತ್ತೇನೆ. ಬಹುಪಾಲು ಎಲ್ಲರೂ ಮುಸ್ಲಿಮರು, ಶೇಕಡ 96ಕ್ಕೂ ಹೆಚ್ಚು. ಉಬೈದುಲ್ಲಾ ಎಂಬ ಸಂತರು ಏಳನೆಯ ಶತಮಾನದಲ್ಲಿ ಹಡಗು ಒಡೆದು ಅಮಿನಿಗೆ ಬಂದರೆಂದೂ ಅವರಿಂದ ಇಸ್ಲಾಂ ಹಬ್ಬಿತೆಂದೂ ಅಲ್ಲಿನವರ ನಂಬಿಕೆ. ಅವರ ಗೋರಿ ಆಂಡ್ರೋತ್‌ನಲ್ಲಿದೆ. ಒಂಬತ್ತು ದ್ವೀಪಗಳ ಮಾತು ಮಲಯಾಳದ ಒಂದು ಬಗೆ, ಜೆಸೆರಿ ಎನ್ನುತ್ತಾರೆ. ಮಿನಿಕಾಯ್ ಬೇರೆಯದೇ ಲೋಕ. ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲವಾದ ಸಮುದ್ರ ಅದನ್ನು ಉಳಿದವುಗಳಿಂದ ಬೇರೆ ಮಾಡಿದೆ. ಅಲ್ಲಿನ ದಿವೇಹಿ ಮಾತಿನ ಹೆಸರು ಮಹಲ್, ಲಿಪಿ ಥಾನಾ, ಬರೆಯುವುದು ಬಲದಿಂದ ಎಡಕ್ಕೆ. 1885ರ ಎತ್ತರದ ದೀಪಸ್ತಂಭ ಅಲ್ಲಿದೆ. ಗಂಡಸರಲ್ಲಿ ಎಷ್ಟೋ ಜನ ದೂರದೇಶದ ಸರಕು ಹಡಗುಗಳಲ್ಲಿ ದುಡಿಯುವವರು.

ಮುಸ್ಲಿಮರೆಂದ ಮೇಲೆ ಆಸ್ತಿ ತಂದೆಯಿಂದ ಮಕ್ಕಳಿಗೆ ಎಂದು ಎಣಿಸಿದರೆ ತಪ್ಪಾಯಿತು. ತುಳುನಾಡಿನ ಅಳಿಯಸಂತಾನದ ಬಗ್ಗೆ ಕೇಳಿದ್ದೀರಲ್ಲ, ಅದರ ಸೋದರಿಯೇ ಇಲ್ಲಿದೆ. ಮನೆತನ ತಾಯಿಯ ಕಡೆಯಿಂದ ಹರಿಯುತ್ತದೆ. ಮದುವೆಯಾದ ಗಂಡ ರಾತ್ರಿ ಹೆಂಡತಿಯ ಮನೆಗೆ ಹೋಗಿ ಬೆಳಿಗ್ಗೆ ತನ್ನ ತಾಯಿಯ ಮನೆಗೆ ಮರಳುವುದು ಹಳೆಯ ರೂಢಿ. ಆಸ್ತಿಯನ್ನು ಎರಡಾಗಿ ಕರೆಯುತ್ತಾರೆ: ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ. ಶುಕ್ರವಾರದ್ದು ತಾಯಿಯ ಮನೆತನಕ್ಕೆ ಸೇರಿದ್ದು, ಹೆಣ್ಣಿನ ಕಡೆಯಿಂದಲೇ ಇಳಿಯುತ್ತದೆ. ಸೋಮವಾರದ್ದು ತಾನೇ ಗಳಿಸಿದ್ದು, ಅದಕ್ಕೆ ಷರೀಯತ್ತಿನ ಪಾಲು. ಒಂದೇ ಮನೆಯಲ್ಲಿ ಎರಡು ಕಾನೂನು ಜಗಳವಾಡದೆ ಇರಲು ಎರಡು ವಾರದ ಹೆಸರು ಕೊಟ್ಟವರ ಜಾಣತನಕ್ಕೆ ನಾನು ತಲೆದೂಗುತ್ತೇನೆ.

ಹಾಗೆಂದು ಅದನ್ನು ಸಮಾನತೆಯ ಸ್ವರ್ಗ ಮಾಡಿಬಿಡಬೇಡಿ. ಭೂಮಿ, ದೋಣಿಗಳ ಒಡೆಯರಾದ ಕೋಯಾಗಳು, ದೋಣಿ ನಡೆಸುವ ಮಾಲ್ಮಿಗಳು, ತೆಂಗು ಹತ್ತಿ ಕಾಯಿ ಕೀಳುವ ಮೇಲಾಚೇರಿಗಳು ಎಂಬ ಮೇಲುಕೀಳು ತಲೆಮಾರುಗಳಿಂದ ಇತ್ತು. 1965ರ ಗೇಣಿ ನಿಯಮ ಬಂದ ಮೇಲೆ ಕೆಳಗಿನವರಿಗೆ ನೆಲದ ಹಕ್ಕು ಸಿಗತೊಡಗಿತು. ನಮ್ಮ ಉಳುವವನೇ ಒಡೆಯ ಕಾಯ್ದೆಗಿಂತ ಒಂಬತ್ತು ವರ್ಷ ಮೊದಲೇ.

ಶೇಕಡ 94ಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡ. ಅದಕ್ಕೆ ಇದ್ದ ಷರತ್ತು ವಿಚಿತ್ರ: ತಾನೂ ತನ್ನ ತಂದೆ ತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿರಬೇಕು. ಹೆರಿಗೆ ಕಠಿಣವಾಗಿ ತಾಯಿಯನ್ನು ಕೊಚ್ಚಿಗೆ ಸಾಗಿಸಿ, ಮಗು ಅಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿದರೆ? ಕಾಗದದ ಪ್ರಕಾರ ಅದು ದ್ವೀಪದ್ದಲ್ಲ! 2008ರಲ್ಲಿ ತಿದ್ದುಪಡಿ ತಂದು, ಅಂಥ ಮಕ್ಕಳು ದ್ವೀಪದಲ್ಲೇ ನೆಲೆಸಿದರೆ ಅಲ್ಲಿ ಹುಟ್ಟಿದ ಹಾಗೆಯೇ ಲೆಕ್ಕ ಎಂದರು. ಓದಿನಲ್ಲಿ ಅವರು ನಮಗಿಂತ ಬಹಳ ಮುಂದೆ. 2011ರಲ್ಲಿ ಸಾಕ್ಷರತೆ ಶೇಕಡ 91 ದಾಟಿತ್ತು.

ಹೊಟ್ಟೆಪಾಡಿನಲ್ಲಿ ತೆಂಗಿನ ಜೊತೆ ನಿಲ್ಲುವುದು ಟ್ಯೂನಾ ಮೀನು, ಅದರಲ್ಲೂ ಸ್ಕಿಪ್‌ಜ್ಯಾಕ್ ಎಂಬ ಜಾತಿ. ಹಿಡಿಯುವ ಬಗೆ ನೋಡುವ ಹಾಗಿದೆ ಎನ್ನುತ್ತಾರೆ. ಬೆಳಿಗ್ಗೆ ಲಗೂನಿನಲ್ಲಿ ಸಣ್ಣ ಬಲೆ ಹಾಕಿ ಬೆರಳುದ್ದದ ಮೀನುಗಳನ್ನು ಜೀವಂತ ಹಿಡಿದು, ದೋಣಿಯ ಹೊಟ್ಟೆಯ ನೀರಿನ ತೊಟ್ಟಿಯಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಸಮುದ್ರದ ಮೇಲೆ ಹಕ್ಕಿಗಳು ಒಂದೆಡೆ ಎರಗುವುದು ಕಂಡರೆ ಅಲ್ಲಿ ಟ್ಯೂನಾ ಹಿಂಡಿದೆ ಎಂದರ್ಥ. ಸಣ್ಣ ಮೀನುಗಳನ್ನು ಎರಚಿ, ನೀರಿನ ಮೇಲೆ ಹನಿ ಚಿಮುಕಿಸಿ, ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತು ಬಿದಿರಿನಂಥ ಉದ್ದನೆಯ ಗಳ ಹಿಡಿಯುತ್ತಾರೆ. ಹಿಂಡು ಹುಚ್ಚೆದ್ದು ಕಚ್ಚುತ್ತದೆ. ಕೊಕ್ಕೆಗೆ ಮುಳ್ಳು ಇರುವುದಿಲ್ಲ, ಮೀನು ಎಳೆದ ರಭಸಕ್ಕೆ ತಲೆಯ ಮೇಲಿಂದ ಹಾರಿ ದೋಣಿಯೊಳಗೆ ಬಿದ್ದು ತಾನೇ ಕಳಚಿಕೊಳ್ಳುತ್ತದೆ. ಒಂದು ಗಳ, ಒಂದು ಕೊಕ್ಕೆ, ಒಂದು ಮೀನು. ದೊಡ್ಡ ಬಲೆ ಬೀಸಿ ಮರಿ, ಆಮೆ ಎಲ್ಲವನ್ನೂ ಬಾಚುವ ಪದ್ಧತಿ ಇದಲ್ಲ. ಮಿನಿಕಾಯಿನವರಿಂದ ಇದನ್ನು ಬೇರೆ ದ್ವೀಪದವರು ಕಲಿತರು.

ಮಂಜುಗಡ್ಡೆ, ಫ್ರಿಜ್ ಇಲ್ಲದ ಕಾಲದಿಂದ ಬಂದ ಸಂಗ್ರಹದ ವಿದ್ಯೆ ಮಾಸ್. ಮೀನನ್ನು ಸೀಳಿ ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಹಾಕಿ ಒಣಗಿಸಿದರೆ ಕಟ್ಟಿಗೆ ತುಂಡಿನ ಹಾಗಾಗುತ್ತದೆ, ತಿಂಗಳುಗಟ್ಟಲೆ ಕೆಡದು. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿ ರಸಕ್ಕೆ ಮೀರಾ ಎನ್ನುತ್ತಾರೆ. ಹೆಂಡವಾಗಲು ಬಿಡದೆ ಅದನ್ನು ಕುದಿಸಿ ಚಕ್ಕರ ಎಂಬ ಬೆಲ್ಲ ಮಾಡುತ್ತಾರೆ, ಒಂದಿಷ್ಟನ್ನು ಹುಳಿ ಬರಿಸಿ ವಿನಿಗರ್. ಇಷ್ಟಾದರೂ ಖಾತ್ರಿಯ ಸಂಬಳ ಬರುವುದು ಸರಕಾರಿ ನೌಕರಿಯಿಂದಲೇ. ಅಲ್ಲಿನ ಅತಿ ದೊಡ್ಡ ಉದ್ಯೋಗದಾತ ಸರಕಾರ. ಪ್ರವಾಸಿಗಳು ಬರುತ್ತಾರೆ, ಆದರೆ ಅನುಮತಿ ಪತ್ರವಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ಕೊಚ್ಚಿಯಿಂದ ಹಡಗಿನಲ್ಲಿ ಹದಿನಾಲ್ಕರಿಂದ ಇಪ್ಪತ್ತು ತಾಸು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, 1988ರಿಂದ. ಸಮುದ್ರದಡಿಯ ಕೇಬಲ್ ಬಂದು ಇಂಟರ್‌ನೆಟ್ ವೇಗವಾದದ್ದು 2024ರ ಜನವರಿಯಲ್ಲಿ.

ಈ ನೆಲವನ್ನು ಕಟ್ಟಿದ ಹವಳದ ಕತೆ ಮುಗಿದಿಲ್ಲ, ಅದು ದಿನಾ ಕಟ್ಟುತ್ತಲೇ ಇರಬೇಕು. ಕಟ್ಟುವುದು ನಿಂತರೆ ಅಲೆ ಅರೆಯುವುದು ನಿಲ್ಲುವುದಿಲ್ಲವಲ್ಲ. ನೀರು ಹೆಚ್ಚು ಬಿಸಿಯಾದರೆ ಹವಳ ಬಿಳಿಚಿಕೊಂಡು ಸಾಯುತ್ತದೆ. 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು, 2024ರಲ್ಲಿ ಮತ್ತೊಮ್ಮೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ವಿಜ್ಞಾನಿಗಳು ವರ್ಷ ವರ್ಷವೂ ನೀರಿಗಿಳಿದು ಇದರ ಲೆಕ್ಕ ಇಡುತ್ತಿದ್ದಾರೆ. ಬಂಗಾರಂ ಹತ್ತಿರ ಪರಳಿ ಎಂಬ ಜನವಿಲ್ಲದ ತುಣುಕು ದ್ವೀಪವೊಂದು ಕೊರೆದು ಕೊರೆದು ಕಾಣೆಯಾಗಿರುವುದು 2017ರಲ್ಲಿ ಸುದ್ದಿಯಾಯಿತು.

ಶುರುವಿನಲ್ಲಿ ಹೇಳಿದ ಇಪ್ಪತ್ತೈದು ಎಕರೆಗೆ ವಾಪಸು ಬರುತ್ತೇನೆ. 2025ರ ಜುಲೈಯಲ್ಲಿ ಲಕ್ಷದ್ವೀಪದ ಆಡಳಿತ ಬಿತ್ರಾದ ನೆಲವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನ ಮಾಡಿಕೊಳ್ಳುವ ಪ್ರಸ್ತಾವ ಹೊರಡಿಸಿತು. 2013ರ ಭೂಸ್ವಾಧೀನ ಕಾಯ್ದೆಯಂತೆ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಬೇಕೆಂದಿತು. ದ್ವೀಪದವರೂ ಅಲ್ಲಿನ ಸಂಸದರೂ ವಿರೋಧಿಸಿದರು. ಇದನ್ನು ತರಗತಿಯಲ್ಲಿ ಹೇಳಿದ ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳು ಬೆರಳೆತ್ತಿದಳು. “ಡ್ಯಾಂ ಕಟ್ಟಿದಾಗ ಮುಳುಗಿದ ಊರಿನೋರಿಗೆ ಬ್ಯಾರೆ ಕಡೆ ಜಾಗ ಕೊಟ್ರು ಅಂತ ನಮ್ಮಜ್ಜಿ ಹೇಳ್ತಿದ್ಲು ಸಾರ್. ಇವರಿಗೆ ಕೊಡಾಕ ಬ್ಯಾರೆ ಕಡೆ ಅನ್ನೋದು ಎಲ್ಲೈತ್ರಿ ಅಲ್ಲಿ?” ನಾನು ಬೋರ್ಡಿನ ಮೇಲೆ ಹತ್ತು ದ್ವೀಪಗಳ ಹೆಸರು, ವಿಸ್ತೀರ್ಣ, ಜನಸಂಖ್ಯೆ ಬರೆದೆ. ಭಾಗಾಕಾರ ಅವರೇ ಮಾಡಿದರು.

ಶಾಲಾ ಪ್ರವಾಸದಲ್ಲಿ ಮಂಗಳೂರಿಗೆ ಹೋಗುವವರಿಗೆ ಒಂದು ಮಾತು. ಪಣಂಬೂರು ಬೀಚು, ಸುಲ್ತಾನ್ ಬತ್ತೇರಿ ನೋಡಿಕೊಂಡು ಬಸ್ಸು ಹತ್ತುವ ಮೊದಲು ಬಂದರ್ ಕಡೆಗೆ, ಹಳೆ ಬಂದರಿಗೆ, ಅರ್ಧ ತಾಸು ಹೋಗಿ. ಮಳೆಗಾಲದಲ್ಲಿ ಬೇಡ, ಆಗ ಮಂಜಿ ಎಂಬ ಸರಕು ದೋಣಿಗಳ ಓಡಾಟ ನಿಂತಿರುತ್ತದೆ. ಮಳೆ ಕಳೆದ ಮೇಲೆ ಹೋದರೆ ಹಲಗೆ ಹಾಸಿದ ಮಂಜಿಗಳಿಗೆ ತರಕಾರಿ, ದಿನಸಿ ಚೀಲ, ಸಿಮೆಂಟು, ಜಲ್ಲಿ ಏರಿಸುತ್ತಿರುತ್ತಾರೆ. ಜಲ್ಲಿ ಕಲ್ಲು ಕೂಡ ಇಲ್ಲಿಂದಲೇ ಹೋಗಬೇಕು, ಅಲ್ಲಿ ಒಡೆಯಲು ಬಂಡೆಯಿಲ್ಲ. ಮೂಟೆ ಹೊರುವವರನ್ನು ನಿಲ್ಲಿಸಿ, ಅಣ್ಣಾ, ಇದು ಯಾವ ದ್ವೀಪಕ್ಕೆ, ಎಂದು ಕೇಳಿ. ಅಮಿನಿ ಎಂದರೆ, ಕಿಲ್ತಾನ್ ಎಂದರೆ, ನಿಮಗೆ ಅದು ಎಲ್ಲಿದೆ ಎಂದು ಈಗ ಗೊತ್ತು.